ಹಳ್ಳಿಯ ಮಾತಿಗೆ ಪರದೆಯ ಮೇಲೆ ಮರ್ಯಾದೆ

ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಹಾದಿಯಲ್ಲಿ ವಾಡಿ ದಾಟಿದ ಮೇಲೆ, ರಾಯಚೂರು ಬರುವ ಮೊದಲು ಯಾದಗಿರಿ ಸಿಗುತ್ತದೆ. 1871ರಲ್ಲಿ ಎರಡೂ ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿದಂದಿನಿಂದ ಈ ಸೀಮೆ ಎರಡು ಮಹಾನಗರಗಳ ನಡುವಿನ ದಾರಿಯಲ್ಲಿದೆ. ಮುಂದೆ ಆ ಎರಡೂ ನಗರಗಳು ಸಿನಿಮಾದ ರಾಜಧಾನಿಗಳಾದವು. ಮಳೆ ಕೈಕೊಟ್ಟ ವರ್ಷ ಶಹಾಪುರ, ಸುರಪುರದ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಂದ ಗುಳೆ ಹೊರಟಿದ್ದಾರೆ. ಆದರೆ ಇಂಥ ಹಳ್ಳಿಗರ ಮುಖ, ಅವರ ಮಾತು ಸಿನಿಮಾದ ಪರದೆಯ ಮೇಲೆ ಎಷ್ಟು ಕಂಡಿದೆ, ಎಷ್ಟು ಕೇಳಿಸಿದೆ? ಈ ಪ್ರಶ್ನೆ ಹಿಡಿದು ಹೊರಟರೆ ತಮಿಳಿನ ನಿರ್ದೇಶಕ ಭಾರತಿರಾಜ ಅವರ ಕಥೆ ನಮಗೂ ಹತ್ತಿರದ್ದಾಗುತ್ತದೆ. ಅದರಲ್ಲಿ ಕರ್ನಾಟಕದ ಪಾಲೂ ಸಣ್ಣದಲ್ಲ.

ಆಗಿನ ಮದುರೈ ಜಿಲ್ಲೆಯ ತೇನಿ ಬಳಿಯ ಅಲ್ಲಿನಗರಂ ಅವರ ಊರು. ಹುಟ್ಟುಹೆಸರು ಚಿನ್ನಸಾಮಿ. ಸಿನಿಮಾದ ಹುಚ್ಚು ಹಿಡಿದು ಮದರಾಸಿಗೆ ಬಂದ ಈ ಹಳ್ಳಿಯ ಹುಡುಗ ಸಹಾಯಕನಾಗಿ ಕೆಲಸ ಕಲಿತದ್ದು ನಮ್ಮ ಪುಟ್ಟಣ್ಣ ಕಣಗಾಲ್ ಅವರ ಬಳಿ. ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲ ಅದು. ಪುಟ್ಟಣ್ಣನವರಿಗೆ ಹೊರಾಂಗಣವೆಂದರೆ ಬರೀ ಹಿನ್ನೆಲೆಯಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಚಿತ್ರದುರ್ಗದ ಕೋಟೆ, ಬಂಡೆಗಳು ರಾಮಾಚಾರಿಯ ಸಿಟ್ಟಿನ ಜತೆಗೇ ನಮ್ಮ ನೆನಪಿನಲ್ಲಿ ಉಳಿದಿವೆ.

ಶಿಷ್ಯ ಈ ಪಾಠವನ್ನು ಇನ್ನೂ ಮುಂದಕ್ಕೆ ಒಯ್ದರು. 1977ರಲ್ಲಿ ಬಂದ ‘16 ವಯದಿನಿಲೆ’ ಅವರ ಮೊದಲ ಚಿತ್ರ. ಅಲ್ಲಿಯವರೆಗೆ ತಮಿಳು ಸಿನಿಮಾದ ಹಳ್ಳಿ ಎಂದರೆ ಹೆಚ್ಚಾಗಿ ಸ್ಟುಡಿಯೋದೊಳಗೆ ಕಟ್ಟಿದ ಗುಡಿಸಲು, ಬಣ್ಣ ಬಳಿದ ಆಕಾಶ. ಭಾರತಿರಾಜ ಕ್ಯಾಮೆರಾವನ್ನು ಬಯಲಿಗೆ ತಂದರು. ಸ್ವಾರಸ್ಯವೆಂದರೆ, ಆ ತಮಿಳು ಹಳ್ಳಿಯ ಬಹುಪಾಲು ಚಿತ್ರೀಕರಣ ನಡೆದದ್ದು ನಮ್ಮ ಮೈಸೂರು, ಕೊಳ್ಳೇಗಾಲದ ಕಡೆ. ಕೈಯಲ್ಲಿ ಹಣ ಕಡಿಮೆ. ನಿಧಾನ ಚಲನೆಯ ದೃಶ್ಯ ತೆಗೆಯುವ ಕ್ಯಾಮೆರಾ ಇಲ್ಲದ್ದರಿಂದ ಹಾಡೊಂದರಲ್ಲಿ ಶ್ರೀದೇವಿಯನ್ನೇ ನಿಧಾನವಾಗಿ ಓಡಿಸಿದರು.

ಕಥೆಯೂ ಅಷ್ಟೇ ಸರಳ. ಟೀಚರ್ ಆಗುವ ಆಸೆಯ ಮಯಿಲು ಪೇಟೆಯಿಂದ ಬಂದ ದನದ ಡಾಕ್ಟರನ್ನು ನಂಬಿ ಮೋಸ ಹೋಗುತ್ತಾಳೆ. ಊರೆಲ್ಲ ನಗೆಯಾಡುವ ಕುಂಟ ಚಪ್ಪಾಣಿಯೇ ಕೊನೆಗೆ ಅವಳಿಗೆ ಆಸರೆಯಾಗುತ್ತಾನೆ. ಕಮಲಹಾಸನ್‌ರಂಥ ಚೆಲುವ ನಟ ಕುಂಟುತ್ತ, ಎಲೆಅಡಿಕೆ ಜಗಿಯುತ್ತ ಆ ಪಾತ್ರವಾದರು. ಊರ ಪುಂಡನಾಗಿ ರಜನಿಕಾಂತ್, ಸಂಗೀತಕ್ಕೆ ಇಳೆಯರಾಜ. ತಮಗೆ ಆಸರೆಯಾದವನು ಜೈಲಿನಿಂದ ಬಂದಾನೆಂದು ಮಯಿಲು ಪುಟ್ಟ ರೈಲು ನಿಲ್ದಾಣವೊಂದರಲ್ಲಿ ಕಾಯುತ್ತ ನಿಲ್ಲುತ್ತಾಳೆ.

ಮರುವರ್ಷದ ಚಿತ್ರದ ಹೆಸರೇ ‘ಕಿಳಕ್ಕೇ ಪೋಗುಂ ರೈಲ್’, ಅಂದರೆ ಮೂಡಲಿಗೆ ಹೋಗುವ ರೈಲು. ಅಲ್ಲಿ ಊರು ಬಿಟ್ಟ ಪ್ರೇಮಿ ರೈಲಿನ ಕೊನೆಯ ಡಬ್ಬಿಯ ಮೇಲೆ ಬರೆದು ಕಳಿಸುವ ಮಾತನ್ನು ಹುಡುಗಿ ಹಳಿಯ ಬದಿಯಲ್ಲಿ ನಿಂತು ಓದುತ್ತಾಳೆ. 1985ರ ‘ಮುದಲ್ ಮರಿಯಾದೈ’ಯಲ್ಲಿ ಶಿವಾಜಿ ಗಣೇಶನ್ ಅಬ್ಬರ ಬಿಟ್ಟು ಹಳ್ಳಿಯ ಹಿರಿಯನಾದರು. 1987ರ ‘ವೇದಂ ಪುದಿದು’ ಚಿತ್ರದಲ್ಲಿ, ಹೆಸರಿನ ಬಾಲಕ್ಕಿರುವ ಜಾತಿ ನೀವು ಓದಿ ಪಡೆದ ಪದವಿಯೇ ಎಂದು ಬಾಲಕನೊಬ್ಬ ಊರ ದೊಡ್ಡವರನ್ನು ಕೇಳುತ್ತಾನೆ. 1994ರ ‘ಕರುತ್ತಮ್ಮ’ ಹೆಣ್ಣು ಶಿಶುಗಳ ಹತ್ಯೆಯನ್ನು ಎದುರಿಗಿಟ್ಟಿತು. ಈ ಮೂರಕ್ಕೂ ರಾಷ್ಟ್ರ ಪ್ರಶಸ್ತಿ ಬಂತು. 2004ರಲ್ಲಿ ನಿರ್ದೇಶಕರಿಗೆ ಪದ್ಮಶ್ರೀ. ಅವರ ಹಾದಿ ಹಿಡಿದವರಲ್ಲಿ ಜಾತಿಯ ಹಮ್ಮನ್ನೇ ಸಂಸ್ಕೃತಿ ಎಂದು ಮೆರೆಸಿದವರೂ ಉಂಟು. ಆದರೂ ಮದುರೈ ಸೀಮೆಯ ಆಡುಮಾತು ನಾಯಕ ನಾಯಕಿಯರ ಬಾಯಿಗೆ ಬಂದು ಗೌರವ ಪಡೆಯಲು ಅವರ ಚಿತ್ರಗಳು ದಾರಿ ಮಾಡಿದವು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಕನ್ನಡದಲ್ಲಿ ಹಳ್ಳಿ ಇರಲಿಲ್ಲವೆ? ಖಂಡಿತ ಇತ್ತು. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972), ‘ಭೂತಯ್ಯನ ಮಗ ಅಯ್ಯು’ (1974) ತೇನಿಯ ಹಳ್ಳಿಗಿಂತ ಮೊದಲೇ ಬಂದವು. ಆದರೆ ಆ ಹಳ್ಳಿಗಳ ನುಡಿ ಹಳೆ ಮೈಸೂರಿನದು. ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳುವ ನಮ್ಮ ಕಡೆಯ ಮಾತು ಬಹುಕಾಲ ಆಳುಮಕ್ಕಳ, ಹಾಸ್ಯಪಾತ್ರಗಳ ಪಾಲಿಗೆ ಮೀಸಲಾಗಿತ್ತು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990), ‘ನಾಗಮಂಡಲ’ (1997) ಇದಕ್ಕೆ ಹೊರತು.

ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗೆ ಸರದಿ ಬಂದದ್ದು ಇನ್ನೂ ತಡವಾಗಿ. ಮಾನ್ವಿ ತಾಲ್ಲೂಕಿನ ನುಗಡೋಣಿಯಿಂದ ಬಂದ ಕಥೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಮಲೆನಾಡಿನವರಾದ ಗಿರೀಶ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಎಂಬ ಚಿತ್ರವಾಗಿಸಿದರು. ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲೊಂದು ಸಾವು ಎಂದು ನಂಬಿದ, ಕುಣಿ ತೋಡುವ ಈರ್ಯಾ ಅದರ ನಾಯಕ. ಗೌಡರ ಮನೆಯ ಸಾವನ್ನು ಮನೆಯವರೇ ಬಚ್ಚಿಟ್ಟಾಗ ಬಡವನ ಕನಸು ಸುಳ್ಳಾಗುತ್ತದೆ. ಈರ್ಯಾನಾಗಿ ನಟಿಸಿದವರು ಬೀದರ ಜಿಲ್ಲೆಯ ವೈಜನಾಥ ಬಿರಾದಾರ. ಸಣ್ಣಪುಟ್ಟ ಹಾಸ್ಯಪಾತ್ರಗಳಲ್ಲೇ ಸವೆದಿದ್ದ ಆ ನಟನಿಗೆ 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಚಪ್ಪಾಣಿಯನ್ನು ನೋಡಿ ನಕ್ಕ ಊರು ಅವನ ಒಳಗನ್ನು ಕಾಣಲಿಲ್ಲ. ಬಿರಾದಾರರನ್ನು ನೋಡಿ ನಕ್ಕ ನಾವೂ ಹಾಗೆಯೇ ಇದ್ದೆವೇನೋ.

2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲಿದೆ, ಸುರಪುರದಲ್ಲಿ 1858ರ ವೆಂಕಟಪ್ಪ ನಾಯಕನ ನೆನಪಿದೆ, ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಯಿದೆ. ನಾರಾಯಣಪುರ ಜಲಾಶಯದ ಕಾಲುವೆ ಬಂದಲ್ಲಿ ಭತ್ತದ ಹಸಿರು, ಬಾರದಲ್ಲಿ ಗುಳೆಯ ಚಿಂತೆ. ಕಥೆಗಳಿಗೇನೂ ಬರವಿಲ್ಲ. ಭಾರತಿರಾಜರಿಗೂ ಮೊದಲಿಗೆ ದಕ್ಕಿದ್ದು ಹಣವಲ್ಲ. ತಮ್ಮ ಊರಿನ ನೆನಪು, ಜತೆಗೆ ಕಣಗಾಲಿನ ಗುರುವೊಬ್ಬರ ಪಾಠ. ಗುಳೆ ಹೋದವರು ಬರುವ ದಾರಿ ಕಾಯುತ್ತ ಯಾದಗಿರಿ ನಿಲ್ದಾಣದಲ್ಲಿ ನಿಂತ ಹೆಣ್ಣುಮಗಳೊಬ್ಬಳ ಕಥೆಯನ್ನು ಅವಳ ಮಾತಿನಲ್ಲೇ ಹೇಳುವ ಹುಡುಗನೋ ಹುಡುಗಿಯೋ ಈ ಸೀಮೆಯ ಯಾವುದಾದರೂ ಶಾಲೆಯಲ್ಲಿ ಈಗ ಓದುತ್ತಿದ್ದರೆ ಆಶ್ಚರ್ಯವಿಲ್ಲ. ನಿನ್ನ ಮಾತು ನಗೆಪಾಟಲಿನದಲ್ಲ ಎಂದು ಆ ಮಗುವಿಗೆ ಯಾರಾದರೂ ಹೇಳಬೇಕು.