ಹಾಜರಿ ಪಟ್ಟಿಯ ವೃತ್ತಾಂತ

ರಾಜಸ್ಥಾನದಲ್ಲಿ ಅರಾವಳಿ ಬೆಟ್ಟಗಳ ಮಗ್ಗುಲಿಗಿರುವ ಸೀಮೆಯು ಮಳೆಗೆ ಎರವಾದುದು. ಬೆಳೆ ಕೈಗೂಡದ ವರ್ಷಗಳಲ್ಲಿ ಸರ್ಕಾರವು ನಡೆಯಿಸುವ ಬರಗಾಲದ ಕಾಮಗಾರಿಯೇ ಅಲ್ಲಿಯ ಬಡವರಿಗೆ ಅನ್ನ. ಆದರೆ ಶಾಸನವು ಗೊತ್ತುಮಾಡಿದ ಕನಿಷ್ಠ ಕೂಲಿಯು ಪೂರ್ಣವಾಗಿ ಅವರ ಕೈಸೇರುತ್ತಿರಲಿಲ್ಲ. ಏಕೆಂದು ಕೇಳಿದರೆ, ಮಾಡಿದ ಕೆಲಸವು ಅಳತೆಗೆ ಬಂದಿಲ್ಲವೆಂಬ ಉತ್ತರ. ಅಳತೆಯ ಪುಸ್ತಕವನ್ನೂ ಹಾಜರಿ ಪಟ್ಟಿಯನ್ನೂ ತೋರಿಸಿರೆಂದರೆ, ಅವು ಸರ್ಕಾರದ ಗುಪ್ತ ದಾಖಲೆಗಳು! ಆಂಗ್ಲರು 1923ರಲ್ಲಿ ವಿಧಿಸಿದ ರಹಸ್ಯಗಳ ಕಾಯಿದೆಯ ನೆರಳು, ಕೆರೆಯ ಮಣ್ಣು ಹೊರುವವಳ ಬುಟ್ಟಿಯ ಮೇಲೂ ಬಿದ್ದಿತ್ತು.

1987ರಲ್ಲಿ ಇಂದಿನ ರಾಜಸಮಂದ ಜಿಲ್ಲೆಯ ದೇವ್‌ಡುಂಗ್ರಿಯೆಂಬ ಹಳ್ಳಿಗೆ ಮೂವರು ಬಂದು ಮಣ್ಣಿನ ಮನೆಯೊಂದರಲ್ಲಿ ನೆಲೆಸಿದರು: ಐ.ಎ.ಎಸ್. ಹುದ್ದೆಯನ್ನು ತೊರೆದಿದ್ದ ಅರುಣಾ ರಾಯ್, ಆ ನಾಡಿನವರೇ ಆದ ಶಂಕರ್ ಸಿಂಗ್, ಮತ್ತು ನಿಖಿಲ್ ಡೇ. 1990ರ ಮೇ 1ರಂದು ಸುತ್ತಲ ರೈತರೂ ಕೂಲಿಗಾರರೂ ಇವರೊಡನೆ ಕೂಡಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಸ್ಥಾಪಿಸಿದರು. ಮೊದಲು ನಡೆದುದು ಉಪವಾಸ, ಧರಣಿಗಳೇ. ಕೂಲಿಯ ವ್ಯಾಜ್ಯವು ವಾಸ್ತವದಲ್ಲಿ ಕಾಗದದ ವ್ಯಾಜ್ಯವೆಂಬುದು ಅವರಿಗೆ ಕ್ರಮೇಣ ಹೊಳೆದುದು.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾಣಾದಲ್ಲಿ ಮೊದಲನೆಯ ಜನಸುನವಾಯಿ ಕೂಡಿತು. ನ್ಯಾಯಪೀಠವಿಲ್ಲ, ವಕೀಲರಿಲ್ಲ; ಊರ ಜನರ ಮುಂದೆ ಪಂಚಾಯಿತಿಯ ಲೆಕ್ಕವನ್ನು ಗಟ್ಟಿಯಾಗಿ ಓದುವುದಷ್ಟೇ ಕಾರ್ಯಕ್ರಮ. ಇದಕ್ಕಿಂತ ಸರಳವಾದ ಉಪಾಯ ಮತ್ತೊಂದಿರಲಾರದು. ಇಂಥ ಸಭೆಗಳಲ್ಲಿ ಹಾಜರಿ ಪಟ್ಟಿಯ ಹೆಸರುಗಳನ್ನು ಕೂಗಿದಂತೆ ಸತ್ತವರ ಹೆಸರೂ, ಊರು ಬಿಟ್ಟುಹೋದವರ ಹೆಸರೂ ಕೂಲಿ ಪಡೆದವರ ಸಾಲಿನಲ್ಲಿ ಕೇಳಿಬಂದವು. ಅಕ್ಷರವರಿಯದವರು ಸಾಕ್ಷಿಗಳಾದರು, ತಾನು ಕಾಲಿಡದ ಕಾಮಗಾರಿಯಲ್ಲಿ ತನ್ನ ಹೆಬ್ಬೆಟ್ಟು ಹೇಗೆ ಬಿದ್ದಿತೆಂದು ಕೇಳಲು ಅಕ್ಷರಜ್ಞಾನವೇನೂ ಬೇಕಾಗಿರಲಿಲ್ಲ. ಗ್ರಾಮಸೇವಕರು ಮಾತ್ರ ಲೆಕ್ಕ ತೋರಿಸಲೊಲ್ಲೆವೆಂದು ಮುಷ್ಕರ ಹೂಡಿದರು. ಆ ಕಾಗದಗಳ ಬೆಲೆಯೇನೆಂಬುದಕ್ಕೆ ಅದೇ ಪ್ರಮಾಣವಾಯಿತು.

1995ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತರು ದಾಖಲೆಗಳ ನಕಲು ಕೊಡುವುದಾಗಿ ವಿಧಾನಸಭೆಯಲ್ಲಿ ವಾಗ್ದಾನವಿತ್ತರು. ವರ್ಷ ಕಳೆದರೂ ಅದು ನಡೆಯದಿರಲು, 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಯಿತು. ನೋಡಲು ಅಪ್ಪಣೆಯುಂಟು, ನಕಲಿಗೆ ಇಲ್ಲ ಎಂಬ ಆಜ್ಞೆಯೊಂದು ಆ ವೇಳೆಗೆ ಹೊರಟಿತ್ತು. ನಕಲಿಲ್ಲದೆ ಮೋಸವನ್ನು ಸಾಧಿಸುವುದೆಂತು? ಹಳ್ಳಿಗರು ಮನೆಯ ಧಾನ್ಯವನ್ನು ತಂದೊಪ್ಪಿಸಿದರು. ಪಟ್ಟಣದ ಕಾರ್ಮಿಕ ಸಂಘಗಳೂ ಜೊತೆಗೂಡಿದುವು. "ಹಮಾರಾ ಪೈಸಾ, ಹಮಾರಾ ಹಿಸಾಬ್", ಅಂದರೆ ನಮ್ಮ ಹಣ ನಮ್ಮ ಲೆಕ್ಕ, ಎಂಬ ಘೋಷವು ನಲವತ್ತು ದಿನ ಕೇಳಿಬಂದಿತು. ಸಂಘಟನೆಯ ಹೆಣ್ಣುಮಗಳೊಬ್ಬಳು, ಹತ್ತು ರೂಪಾಯಿ ಕೊಟ್ಟು ಮಗನನ್ನು ಸಂತೆಗೆ ಕಳುಹಿಸಿದರೆ ಲೆಕ್ಕ ಕೇಳುವೆನಲ್ಲ, ನಮ್ಮ ಹೆಸರಿನಲ್ಲಿ ಕೋಟಿಗಟ್ಟಲೆ ವೆಚ್ಚಮಾಡುವ ಸರ್ಕಾರವನ್ನು ಕೇಳಬಾರದೇ ಎಂದಳು. ವಾದವನ್ನು ಅವಳಿಗಿಂತ ಚೆನ್ನಾಗಿ ಪಂಡಿತರಾರೂ ಮಂಡಿಸಲಿಲ್ಲ.

1997ರಲ್ಲಿ ಜೈಪುರದಲ್ಲಿ ಮತ್ತೆ 53 ದಿನಗಳ ಧರಣಿ. ಅದರ ಕೊನೆಗೆ ಪ್ರಕಟವಾದ ಸಂಗತಿ ವಿಚಿತ್ರವಾದುದು: ಪಂಚಾಯಿತಿಯ ಕಾಗದಗಳ ನಕಲು ಪಡೆಯಬಹುದೆಂಬ ಆಜ್ಞೆಯು ಆರು ತಿಂಗಳ ಹಿಂದೆಯೇ ಹೊರಟಿತ್ತಂತೆ! ಮಾಹಿತಿಯನ್ನು ಕೊಡಿಸುವ ಆಜ್ಞೆಯೇ ಆವರೆಗೆ ಗುಪ್ತವಾಗಿದ್ದಿತು.

ಮುಂದಿನದು ಬಲ್ಲ ವಿಷಯವೇ. 2000ದಲ್ಲಿ ರಾಜಸ್ಥಾನವೂ, ಅದೇ ವರ್ಷ ಕರ್ನಾಟಕವೂ ಮಾಹಿತಿ ಹಕ್ಕಿನ ಶಾಸನವನ್ನು ಮಾಡಿದುವು. ಇಡೀ ದೇಶದ ಕಾಯಿದೆಯು 2005ರ ಅಕ್ಟೋಬರ್ 12ರಂದು ಜಾರಿಗೆ ಬಂದಿತು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ 17ನೆಯ ಕಲಮು, ಕಾಮಗಾರಿಯ ಲೆಕ್ಕವನ್ನು ಗ್ರಾಮಸಭೆಯೇ ಪರೀಕ್ಷಿಸಬೇಕೆಂದೂ, ಅದಕ್ಕಾಗಿ ಹಾಜರಿ ಪಟ್ಟಿಯನ್ನು ಸಭೆಯ ಮುಂದಿಡಬೇಕೆಂದೂ ವಿಧಿಸಿತು.