ಏಣಿನ ಮೇಲಿನ ಊರು, ಅಡಿಯಲ್ಲಿ ಹರಿಯುವ ಹಳ್ಳ

ಹುಬ್ಬಳ್ಳಿ–ಧಾರವಾಡದ ಚರಿತ್ರೆ ಬರೆದವರು ಗುಡಿ, ಮಠ, ಪೇಟೆ, ರೈಲು ಕಾರ್ಖಾನೆಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಬಿದ್ದ ಮಳೆ ಯಾವ ಕಡೆ ಇಳಿಯುತ್ತದೆ ಎಂಬುದಕ್ಕೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಅವಳಿ ನಗರ ಕೂತಿರುವುದೇ ನೀರು ಇಬ್ಭಾಗವಾಗುವ ಏಣಿನ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿ ಎನಿಸಿಕೊಂಡು, ಅರಬ್ಬೀ ಸಮುದ್ರ ಮುಟ್ಟುತ್ತಾಳೆ. ಅಲ್ಲಿಂದ ಇಪ್ಪತ್ತು ಕಿ.ಮೀ. ದೂರವೂ ಇಲ್ಲದ ಉಣಕಲ್ ಕೆರೆಯ ಕೋಡಿ ನೀರಿನ ಹಾದಿಯೇ ಬೇರೆ: ನಾಲಾ, ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ.

ಶಾಲ್ಮಲೆಗೆ ಕವಿಗಳ ಒಲವು ದಕ್ಕಿತು. ಕವಿ ಚಂಪಾ ತಮ್ಮ ಸಂಕಲನಕ್ಕೇ ಅವಳ ಹೆಸರಿಟ್ಟರು. ಉಣಕಲ್ ನಾಲಾಕ್ಕೆ ದಕ್ಕಿದ್ದು ಊರಿನ ಗಟಾರದ ನೀರು.

ಮೊದಲು ಹೀಗಿರಲಿಲ್ಲ; ಈ ಸೀಮೆಯ ಹಳೆಯ ಊರುಗಳಿಗೆ ಹಿಡಿದಿಟ್ಟ ಮಳೆನೀರೇ ಆಸರೆಯಾಗಿತ್ತು. ಹುಬ್ಬಳ್ಳಿ–ಧಾರವಾಡದ ನಡುವಿನ ಅಮರಗೋಳದ ಶಂಕರಲಿಂಗ ದೇವಾಲಯ, ಪಕ್ಕದ ಉಣಕಲ್‌ನ ಚಂದ್ರಮೌಳೇಶ್ವರ ದೇವಾಲಯ ಎರಡೂ ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡಗಳು. ಅಮರಗೋಳದ ಗುಡಿಯನ್ನು ಜನ ಜಕಣಾಚಾರಿಯ ಕೈಕೆಲಸವೆಂದೇ ಹೇಳುತ್ತಾರೆ (ಉತ್ತರ ಕರ್ನಾಟಕದಲ್ಲಿ ಜಕಣಾಚಾರಿ ಕಟ್ಟದ ಗುಡಿ ಹುಡುಕುವುದೇ ಕಷ್ಟ, ಆ ಮಾತು ಬೇರೆ). ಇಷ್ಟು ಕಲ್ಲುಕೆಲಸ ಮಾಡಿಸಿದ ಊರುಗಳು ದೊಡ್ಡ ನದಿಯ ದಂಡೆಯಲ್ಲಿರಲಿಲ್ಲ. ಇಂಥ ಕಡೆ ಬದುಕಬೇಕಾದರೆ ಮಳೆನೀರಿಗೆ ಒಡ್ಡು ಹಾಕಿ ಹಿಡಿದಿಡುವುದೇ ದಾರಿ. ಹುಬ್ಬಳ್ಳಿಯೂ ಬಹುಕಾಲ ಉಣಕಲ್ ಕೆರೆಯ ನೀರನ್ನೇ ಕುಡಿಯಿತು. 1955ರಲ್ಲಿ ಬೇಡ್ತಿ ಕೊಳ್ಳದ ನೀರಸಾಗರ ಬಂತು. ಅದೂ ಸಾಲದಾದಾಗ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ತರಲಾಯಿತು. ಬಾಯಾರಿಕೆಗೆ ಬೇಡವಾದ ಮೇಲೆ ಕೆರೆಯ ಮೇಲೆ ಅಂತರಗಂಗೆ ಹಬ್ಬಿತು, ಕೆಳಗಿನ ನಾಲಾಕ್ಕೆ ಬಚ್ಚಲ ನೀರು ಬಿತ್ತು.

ಇಲ್ಲಿ ಒಂದು ವಿಚಿತ್ರ ಸುತ್ತು ಇದೆ. ಸವದತ್ತಿಯಲ್ಲಿ ಎತ್ತಿದ ಮಲಪ್ರಭೆ ಅಮ್ಮಿನಭಾವಿಯಲ್ಲಿ ಶುದ್ಧವಾಗಿ ನಗರದ ನಲ್ಲಿಗೆ ಬರುತ್ತಾಳೆ. ಬಳಸಿ ಚೆಲ್ಲಿದ ನೀರು ಲಿಂಗರಾಜನಗರ, ಹೊಸೂರುಗಳ ನಡುವೆ ನಾಲಾದಲ್ಲಿ ಹರಿದು ಬೆಣ್ಣೆಹಳ್ಳಕ್ಕೆ ಬೀಳುತ್ತದೆ. ಬೆಣ್ಣೆಹಳ್ಳ ಅದನ್ನು ಹೊತ್ತು ನವಲಗುಂದದ ಸೀಮೆ ದಾಟಿ, ರೋಣದ ಕಡೆ ಮತ್ತೆ ಮಲಪ್ರಭೆಗೇ ಒಪ್ಪಿಸುತ್ತದೆ, ಅಣೆಕಟ್ಟಿನ ಕೆಳಗೆ. ಅವಳಿ ನಗರ ಮೇಲಿನಿಂದ ಪಡೆದ ಸಾಲವನ್ನು ಕೆಳಗಿನವರಿಗೆ ಸವಕಲು ನಾಣ್ಯದಲ್ಲಿ ತೀರಿಸುತ್ತಿದೆ.

ಬೆಣ್ಣೆಹಳ್ಳ ಎರೆಭೂಮಿಯ ಹಳ್ಳ. ಮಳೆಗಾಲದಲ್ಲಿ ಮೈತುಂಬಿತೆಂದರೆ ಸೇತುವೆ ಮುಳುಗಿ, ದಂಡೆಯ ಹೊಲಗಳಲ್ಲಿ ಹೆಸರು, ಗೋವಿನಜೋಳ ಕೊಳೆತು, ನವಲಗುಂದ ತಾಲ್ಲೂಕಿನ ರಸ್ತೆಗಳು ಕಡಿದುಹೋಗುತ್ತವೆ. ಬೇಸಿಗೆಯಲ್ಲಿ ಸಹಜ ಹರಿವು ಬತ್ತಿದ ಪಾತ್ರದಲ್ಲಿ ಉಳಿಯುವುದು ಹುಬ್ಬಳ್ಳಿಯ ಕೊಳಚೆಯೇ. ಹಳ್ಳದ ದಂಡೆಯ ಯಮನೂರಿನ ಜಾತ್ರೆ ನಡೆಯುವುದು ಆ ಹೊತ್ತಿನಲ್ಲೇ, ಹೋಳಿ ಹುಣ್ಣಿಮೆಯ ಬೆನ್ನಿಗೆ. ಚಾಂಗದೇವನೆಂದು ಹಿಂದೂಗಳು, ರಾಜಾಬಾಗಸವಾರನೆಂದು ಮುಸ್ಲಿಮರು ನಡೆದುಕೊಳ್ಳುವ ಗದ್ದುಗೆ ಅದು. ಎಣ್ಣೆಯ ಬದಲು ನೀರಿನಲ್ಲಿ ದೀಪ ಉರಿಯುತ್ತದೆಂಬ ಪ್ರತೀತಿ. ಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂದು ಬರುವ ಭಕ್ತರು ಮುಳುಗೇಳುವುದು ಹುಬ್ಬಳ್ಳಿ ದಾಟಿ ಬಂದ ನೀರಿನಲ್ಲಿ.

ನಗರ ತನ್ನ ಹಳ್ಳವನ್ನು ಹೀಗೆ ನಡೆಸಿಕೊಂಡದ್ದು ಇಲ್ಲಿ ಮಾತ್ರವಲ್ಲ. ಪ್ಯಾರಿಸಿನ ಬಿಯೆವ್ರ್ ಎಂಬ ಕಿರುನದಿಯ ದಂಡೆಯಲ್ಲಿ ಚರ್ಮ ಹದಮಾಡುವವರು, ಬಣ್ಣಗಾರರು, ಗೊಬ್ಲೆನ್ಸ್ ನೇಯ್ಗೆಯ ಕಾರ್ಖಾನೆ ನೆಲೆಸಿದ್ದವು. ನಾತ ತಡೆಯಲಾರದೆ ನಗರ 1912ರ ಹೊತ್ತಿಗೆ ಅದನ್ನು ಪೂರ್ತಿ ಮುಚ್ಚಿ ಚರಂಡಿಗೆ ಸೇರಿಸಿತು. ಬ್ರಸೆಲ್ಸ್ ತನ್ನ ಸೆನ್ ನದಿಯ ಮೇಲೆ 1867ರಿಂದ 1871ರೊಳಗೆ ಕಮಾನು ಕಟ್ಟಿ ಅಗಲವಾದ ಬೀದಿ ಎಳೆಯಿತು. ಬಿಯೆವ್ರ್ ನದಿಯ ಕೆಲವು ತುಂಡುಗಳನ್ನು ಪ್ಯಾರಿಸಿನ ಹೊರವಲಯದಲ್ಲಿ ಈಚೆಗೆ ಮತ್ತೆ ತೆರೆದಿದ್ದಾರೆ.

ಅದೇ ಫ್ರಾನ್ಸಿನ ನೆರವು ಈಗ ಉಣಕಲ್ ನಾಲಾಕ್ಕೂ ತಲುಪಿದೆ. 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸಿಟೀಸ್’ ಕಾರ್ಯಕ್ರಮಕ್ಕೆ ಆಯ್ಕೆಯಾದ 12 ನಗರಗಳಲ್ಲಿ ಹುಬ್ಬಳ್ಳಿ–ಧಾರವಾಡವೂ ಒಂದು; ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಅದರ ಪಾಲುದಾರ. ನಾಲಾದ ಗುಂಟ ಸೈಕಲ್ ದಾರಿ, ಕಾಲುದಾರಿ, ಹಸಿರು ಪಟ್ಟಿ ಎಂಬುದು ಯೋಜನೆ. ಮುಚ್ಚಿ ಮೇಲೆ ರಸ್ತೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ದಂಡೆ ಚೆಂದವಾದ ಮಾತ್ರಕ್ಕೆ ಹರಿಯುವ ನೀರು ಬದಲಾಗದು. ಅದು ನಿಂತಿರುವುದು ಗಬ್ಬೂರಿನ ಶುದ್ಧೀಕರಣ ಘಟಕಕ್ಕೆ ಎಷ್ಟು ಮನೆಗಳ ಕೊಳಚೆ ಮುಟ್ಟುತ್ತದೆ, ಎಷ್ಟು ನೇರವಾಗಿ ನಾಲಾಕ್ಕೆ ಬೀಳುತ್ತದೆ ಎಂಬುದರ ಮೇಲೆ. ಸೈಕಲ್ ದಾರಿ ನಗರದ ಎಲ್ಲೆಯೊಳಗೇ ಮುಗಿಯುತ್ತದೆ. ಯಮನೂರು ಇರುವುದು ಬೇರೆ ತಾಲ್ಲೂಕಿನಲ್ಲಿ.