ಒಲೆಯ ಬೂದಿಯಿಂದ ಸಾಬೂನಿನವರೆಗೆ

‘ರಾಸಾಯನಿಕ ರಹಿತ’ ಎಂಬ ಚೀಟಿ ಅಂಟಿಸಿ ಈಗ ಬೂದಿಯನ್ನೂ ಪೊಟ್ಟಣ ಕಟ್ಟಿ ಮಾರುತ್ತಾರೆ. ನಮ್ಮ ಅಜ್ಜಿಯಂದಿರು ಅದನ್ನೇ ಒಲೆಯಿಂದ ಬಾಚಿ, ತೆಂಗಿನ ನಾರಿಗೆ ಹಚ್ಚಿ ಮೀನಿನ ಸಾರಿನ ಪಾತ್ರೆ ತಿಕ್ಕುತ್ತಿದ್ದರು. ಆದರೆ ಬೂದಿಯಲ್ಲಿ ರಾಸಾಯನಿಕವಿಲ್ಲ ಎಂದವರಾರು? ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಅದು ನೀರಿನಲ್ಲಿ ಕರಗಿದರೆ ಕ್ಷಾರ. ಕ್ಷಾರವು ಜಿಡ್ಡಿನೊಂದಿಗೆ ಸೇರಿದಾಗ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಓದು ಬರಹ ಬಾರದವರೆಂದು ನಾವು ಬದಿಗಿಟ್ಟ ಹೆಂಗಸರ ಕೈಯಲ್ಲಿ ದಿನವೂ ನಡೆಯುತ್ತಿದ್ದುದು ಈ ರಸಾಯನಶಾಸ್ತ್ರವೇ.

‘ಆಲ್ಕಲಿ’ ಎಂಬ ಇಂಗ್ಲಿಷ್ ಪದದ ಮೂಲ ಅರಬಿಯ ‘ಅಲ್ ಕಲೀ’. ಉಪ್ಪುನೆಲದ ಗಿಡಗಳನ್ನು ಸುಟ್ಟು ಪಡೆದ ಬೂದಿ ಎಂದು ಅದರ ಅರ್ಥ. ಪೊಟ್ಯಾಸಿಯಂನ ಸಂಕೇತವಾದ ‘ಕೆ’ ಅಕ್ಷರವೂ ಈ ಪದದ ಕುಡಿಯೇ. ‘ಸಾಬೂನು’ ಎಂಬ ಮಾತು ನಮ್ಮಲ್ಲಿಗೆ ಬಂದದ್ದು ಅರಬಿ, ಪಾರ್ಸಿಗಳ ಹಾದಿಯಲ್ಲಿ. ಪ್ಯಾಲೆಸ್ತೀನಿನ ನಾಬ್ಲುಸ್ ಪಟ್ಟಣದ ಸಾಬೂನುಗಾರರಿಗೆ ಜೋರ್ಡಾನ್ ನದಿಯ ಪೂರ್ವದಿಂದ ಬದವೀ ಜನರು ಈ ಬೂದಿಯನ್ನು ತಂದುಕೊಡುತ್ತಿದ್ದರು. ಅದಕ್ಕೆ ಸುಣ್ಣ ಬೆರೆಸಿ ತೆಗೆದ ಖಾರ ನೀರನ್ನು ಆಲಿವ್ ಎಣ್ಣೆಯೊಡನೆ ದಿನಗಟ್ಟಲೆ ಕುದಿಸಿ ಸಾಬೂನು ಮಾಡುತ್ತಿದ್ದರು. ಈ ಕಸುಬನ್ನು ಯುನೆಸ್ಕೋ 2024ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನಾಡಿನವರೂ ಇದನ್ನು ಅರಿಯದವರಲ್ಲ. ಗಿಡಗಳ ಬೂದಿಯಿಂದ ಮೃದು ಮತ್ತು ತೀಕ್ಷ್ಣ ಕ್ಷಾರಗಳನ್ನು ಸಿದ್ಧಪಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಅಲ್ಲಿ ಅದು ಪಾತ್ರೆಗಲ್ಲ, ಹುಣ್ಣು ಗಡ್ಡೆಗಳ ಚಿಕಿತ್ಸೆಗೆ.

ಬೂದಿಯ ಬೆಲೆ ಇಳಿಯಲು ದಾರಿಯಾದದ್ದು 1791ರಲ್ಲಿ. ಫ್ರಾನ್ಸಿನ ನಿಕೊಲಾ ಲಬ್ಲಾಂಕ್ ಉಪ್ಪಿನಿಂದಲೇ ಸೋಡಾ ತಯಾರಿಸುವ ವಿಧಾನಕ್ಕೆ ಆ ವರ್ಷ ಹಕ್ಕುಪತ್ರ ಪಡೆದ. ಸಾಬೂನು ಅಗ್ಗವಾಯಿತು, ಬಡವರ ಬಟ್ಟೆಯೂ ಬೆಳಗಿತು, ಇದನ್ನು ಮರೆಯಲಾಗದು. ಆದರೆ ಆ ಕಾರ್ಖಾನೆಗಳ ಆಮ್ಲದ ಹೊಗೆಗೆ ಸುತ್ತಲಿನ ಗಿಡಮರಗಳು ಒಣಗಿದವು. ಬ್ರಿಟನ್ 1863ರಲ್ಲಿ ‘ಆಲ್ಕಲಿ ಕಾಯ್ದೆ’ಯನ್ನೇ ತರಬೇಕಾಯಿತು. ಶುಚಿ ಮಾಡುವ ವಸ್ತುವಿನ ಕೊಳೆ ಅದನ್ನು ಬಳಸದವರ ಹೊಲಕ್ಕೆ ಬಿದ್ದಿತ್ತು.

ನಮ್ಮ ಅಡುಗೆಮನೆಯಿಂದ ಬೂದಿಯನ್ನು ಹೊರಗಟ್ಟಿದ್ದು ಸಾಬೂನೊಂದೇ ಅಲ್ಲ. ಗ್ಯಾಸ್ ಒಲೆಯಲ್ಲಿ ಬೂದಿಯೆಲ್ಲಿ? ಅಲ್ಯೂಮಿನಿಯಂ ಪಾತ್ರೆಗೆ ಅದು ಆಗಿಬರುವುದೂ ಇಲ್ಲ, ಕ್ಷಾರ ಆ ಲೋಹವನ್ನು ತಿನ್ನುತ್ತದೆ. ಇನ್ನು ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಬೂದಿ ನೀರಿನಲ್ಲಿ ಬಿರಿದ ಬೆರಳುಗಳಿಗೆ ಎಣ್ಣೆ ಸವರಿಕೊಂಡವರನ್ನು ಕೇಳಿದರೆ ಆ ಕಾಲ ಮರಳಲಿ ಎಂದು ಅವರು ಹೇಳಲಾರರು. ಹುಣಸೆಹಣ್ಣು ಮಾತ್ರ ಉಳಿದುಕೊಂಡಿದೆ. ಅದಕ್ಕೆ ಒಲೆಯ ಹಂಗಿಲ್ಲ. ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಹಬ್ಬದ ಮುನ್ನಾದಿನ ಅಟ್ಟದಿಂದಿಳಿದ ತಾಮ್ರದ ಹಂಡೆಗೆ ಇಂದಿಗೂ ಒಂದು ಹಿಡಿ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು ಸಾಕು.